ಡಾಬ್ಸ್ ದೊರೆಯ ಊರಿನಲ್ಲಿ ಒಂದು ಬಾಡಿಗೆ ಬೋರ್ಡು

ನಮ್ಮ ಮನೆಯಲ್ಲಿ ಒಂದು ತಗಡಿನ ಬೋರ್ಡಿದೆ. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರದಲ್ಲಿ ‘ಮನೆ ಬಾಡಿಗೆಗಿದೆ’ ಎಂದು ಬರೆಸಿದ್ದು. ರೂಮು ಖಾಲಿಯಾದರೆ ತಂತಿಯಲ್ಲಿ ಗೇಟಿಗೆ ಕಟ್ಟುತ್ತೇವೆ, ಜನ ಬಂದರೆ ಬಿಚ್ಚಿ ಕರೆಂಟ್ ಮೀಟರಿನ ಹಿಂದೆ ಇಡುತ್ತೇವೆ. ದಾಬಸ್‌ಪೇಟೆಯಲ್ಲಿ ಇಂಥ ಬೋರ್ಡಿಲ್ಲದ ಬೀದಿ ಕಡಿಮೆ. ಸೋಂಪುರದ ಕೈಗಾರಿಕಾ ಪ್ರದೇಶ ಬೆಳೆದಂತೆಲ್ಲ ರಾಗಿ ಹೊಲ ಕಳೆದುಕೊಂಡವರು ಪರಿಹಾರದ ದುಡ್ಡಲ್ಲಿ ಸಾಲುರೂಮು ಕಟ್ಟಿಸಿದರು. ನಮ್ಮಪ್ಪನೂ ಆರು ಕಟ್ಟಿಸಿದರು. ರಾಯಚೂರಿನವರು, ಕಲಬುರಗಿಯವರು, ಒಡಿಶಾದವರು, ಬಿಹಾರದವರು ಬಂದಿದ್ದಾರೆ, ಹೋಗಿದ್ದಾರೆ. ಒಬ್ಬ ಮೂರು ತಿಂಗಳ ಬಾಡಿಗೆ ಉಳಿಸಿಕೊಂಡು ರಾತ್ರೋರಾತ್ರಿ ಓಡಿಹೋದ. ಆಮೇಲೂ ನಾವು ಗಂಡಸರಿಗೆ ಬಾಡಿಗೆ ಕೊಡುವುದನ್ನು ನಿಲ್ಲಿಸಲಿಲ್ಲ.

ಕಳೆದ ವರ್ಷ ಬೇಸಿಗೆಯ ಒಂದು ಭಾನುವಾರ, ಮಧ್ಯಾಹ್ನದ ಹೊತ್ತು, ಗೇಟು ಬಡಿದ ಸದ್ದಾಯಿತು. ಅಪ್ಪ ಮಲಗಿದ್ದರು. ನಾನು ಹೋದೆ. ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು, ನೀಟಾಗಿ ಚೂಡಿದಾರ ತೊಟ್ಟಿದ್ದಳು, ಕೊರಳಲ್ಲಿ ಫ್ಯಾಕ್ಟರಿಯ ಐಡಿ ಕಾರ್ಡು. ಮಾತಾಡಿದಾಗ ಗೊತ್ತಾಯಿತು, ಟ್ರಾನ್ಸ್‌ಜೆಂಡರ್. ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಕೆಲಸ, ಕೊಪ್ಪಳದ ಕಡೆಯವಳು, ಒಬ್ಬಳೇ ಇರುತ್ತಾಳೆ, ಅಡ್ವಾನ್ಸ್ ತಂದಿದ್ದಾಳೆ. ಇಷ್ಟನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು, ಬಾಗಿಲು ಮುಚ್ಚುವುದರೊಳಗೆ ಹೇಳಿ ಮುಗಿಸಬೇಕು ಎಂಬಂತೆ.

‘ಇಲ್ಲಮ್ಮ, ನಿನ್ನೆ ತಾನೇ ಆಗೋಯ್ತು’ ಅಂದೆ.

ಅವಳು ಗೇಟಿನ ಕಡೆ ನೋಡಿದಳು. ನಾನೂ ನೋಡಿದೆ. ಬೋರ್ಡು ಅಲ್ಲೇ ನೇತಾಡುತ್ತಿತ್ತು.

‘ಹಂಗಾರ ಬೋರ್ಡ್ ತಗೀರಿ ಸರ್. ಬಿಸಲಾಗ ನಡಕೊಂತ ಬರೋರಿಗೆ ತ್ರಾಸ ಆಗ್ತದ’ ಅಂದು ಹೋದಳು.

ನಾನು ಯಾರು ಎಂಬುದನ್ನೂ ಹೇಳಿಬಿಡುತ್ತೇನೆ. ಕನ್ನಡ ಎಂ.ಎ. ಮಾಡಿದವನು, ಪಾಠ ಹೇಳುವವನು. ಆ ಘಟನೆಗೆ ಒಂದು ತಿಂಗಳ ಹಿಂದಷ್ಟೇ ಗೆಳೆಯರ ಪುಸ್ತಕ ಚರ್ಚೆಯಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, ಚಪ್ಪಾಳೆ ತೆಗೆದುಕೊಂಡು ಬಂದವನು. ಹಾಗಾಗಿ ಈ ಬರಹದಲ್ಲಿ ಬೈಸಿಕೊಳ್ಳುವವರ ಸಾಲಿನಲ್ಲಿ ಮೊದಲು ನಿಂತಿರುವವನು ನಾನು. ನೀವೂ ಪಕ್ಕದಲ್ಲಿದ್ದೀರಿ ಎಂಬುದು ನನ್ನ ಅನುಮಾನ.

ಅವಳು ಹೋದ ಮೇಲೆ ನನ್ನ ತಲೆಗೆ ಸಾಲಾಗಿ ಸಮರ್ಥನೆಗಳು ಬಂದವು. ಅಪ್ಪ ಒಪ್ಪುವುದಿಲ್ಲ. ಉಳಿದ ಬಾಡಿಗೆದಾರರು ಬಿಟ್ಟು ಹೋಗುತ್ತಾರೆ. ಇದು ಬೆಂಗಳೂರಲ್ಲ, ಹಳ್ಳಿ. ಕೊನೆಗೆ ಎಲ್ಲರೂ ಬಂದು ನಿಲ್ಲುವ ಮಾತಿಗೇ ನಾನೂ ಬಂದು ನಿಂತೆ: ‘ಇದೆಲ್ಲ ನಮ್ಮ ಕಡೆಯದಲ್ಲ.’ ಟೀ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ ಈ ಮಾತನ್ನು ನೂರು ಸಲ ಕೇಳಿದ್ದೇನೆ. ಸಲಿಂಗಿಗಳು, ಟ್ರಾನ್ಸ್‌ಜೆಂಡರ್‌ಗಳು, ಅವರ ಹಕ್ಕು, ಹೋರಾಟ, ಮೆರವಣಿಗೆ, ಇವೆಲ್ಲ ಫಾರಿನ್ನಿನಿಂದ ಬಂದವು, ನಮ್ಮ ಸಂಸ್ಕೃತಿಯಲ್ಲಿ ಇರಲಿಲ್ಲ.

ಈ ಮಾತನ್ನು ಬೇರೆ ಯಾವ ಊರಿನವರಾದರೂ ಆಡಲಿ, ದಾಬಸ್‌ಪೇಟೆಯವರು ಆಡುವಂತಿಲ್ಲ. ಯಾಕೆಂದರೆ ನಮ್ಮ ಊರಿನ ಹೆಸರೇ ಒಬ್ಬ ಬ್ರಿಟಿಷರವನದು.

1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ತೆಗೆದುಕೊಂಡು ಕಮಿಷನರನ್ನು ಕೂರಿಸಿದರು. ಆ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದವನು ಡಾಬ್ಸ್ ಎಂಬ ಅಧಿಕಾರಿ. ಅವನ ಹೆಸರಿನ ಪೇಟೆಯೇ ಡಾಬ್ಸ್ ಪೇಟೆ. ನಾಲಿಗೆಗೆ ಒಗ್ಗಿಸಿಕೊಂಡು ನಾವದನ್ನು ದಾಬಸ್‌ಪೇಟೆ ಮಾಡಿಕೊಂಡೆವು. ಈಗ ಸಂತೆಗೆ ಬರುವ ಅಜ್ಜಿಯ ಬಾಯಲ್ಲಿ ಆ ಹೆಸರು ಎಷ್ಟು ಕನ್ನಡವಾಗಿದೆ ಅಂದರೆ, ಅದರ ಹಿಂದೆ ಒಬ್ಬ ದೊರೆ ಇದ್ದ ಅಂದರೆ ನಗುತ್ತಾಳೆ. ನನಗೆ ಈ ಹೆಸರಿನ ಬಗ್ಗೆ ತಕರಾರಿಲ್ಲ. ಹೊರಗಿನದನ್ನು ಒಳಗಿನದು ಮಾಡಿಕೊಳ್ಳುವ ಶಕ್ತಿ ಊರುಗಳಿಗಿದೆ ಎಂಬುದಕ್ಕೆ ಇದು ಸಾಕ್ಷಿ.

ಆದರೆ ಅದೇ ಕಾಲದಲ್ಲಿ ಅದೇ ದೊರೆಗಳಿಂದ ಬಂದ ಇನ್ನೊಂದು ಸಾಮಾನನ್ನೂ ನಾವು ಹೀಗೇ ಒಳಗೆ ಬಿಟ್ಟುಕೊಂಡೆವು. 1860ರ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್. ‘ನಿಸರ್ಗದ ನಿಯಮಕ್ಕೆ ವಿರುದ್ಧ’ವಾದ ಸಂಭೋಗಕ್ಕೆ ಜೀವಾವಧಿಯವರೆಗೂ ಶಿಕ್ಷೆ. ಇದರ ಬೇರು ಇರುವುದು ನಮ್ಮ ಯಾವ ಸ್ಮೃತಿಯಲ್ಲೂ ಅಲ್ಲ, ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಕಾಲದಲ್ಲಿ, 1533ರಲ್ಲಿ ಮಾಡಿದ ಕಾನೂನಿನಲ್ಲಿ. ಹನ್ನೊಂದು ವರ್ಷ ಕಳೆದು 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಒಂದು ಭಾಗ ಹಿಜ್ರಾಗಳ ಮೇಲೆಯೇ ಇತ್ತು. ಅವರ ಹೆಸರು ಪೊಲೀಸು ರಿಜಿಸ್ಟರಿನಲ್ಲಿರಬೇಕು, ಹಾಗೆ ದಾಖಲಾದವರು ಸೀರೆ ಉಟ್ಟು ಬೀದಿಯಲ್ಲಿ ಕುಣಿದರೆ, ಹಾಡಿದರೆ ಜೈಲು. ಉತ್ತರದ ಪ್ರಾಂತ್ಯಗಳಲ್ಲಿ ಅದನ್ನು ಜೋರಾಗಿಯೇ ಜಾರಿ ಮಾಡಿದರು.

ಇಂಗ್ಲೆಂಡು 1967ರಲ್ಲಿ ತನ್ನ ಕಾನೂನನ್ನು ಸಡಿಲಿಸಿತು. ನಾವು 377ನ್ನು ಬಿಟ್ಟದ್ದು 2018ರ ಸೆಪ್ಟೆಂಬರ್ 6ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಹೇಳಿದ ಮೇಲೆ. ಹೊಲಿದವರೇ ಬಿಚ್ಚಿಟ್ಟ ಉಣ್ಣೆಯ ಕೋಟನ್ನು ನಾವು ಮತ್ತೆ ಐವತ್ತೊಂದು ವರ್ಷ ಬೆವರು ಸುರಿಸುತ್ತ ತೊಟ್ಟುಕೊಂಡಿದ್ದೆವು, ಮುತ್ತಾತನ ಪಂಚೆ ಎಂದು ನಂಬಿ.

ಕೋರ್ಟು ಹೇಳುವ ತನಕ ಗೊತ್ತಿರಲಿಲ್ಲ ಎಂದೂ ನಾವು ತಪ್ಪಿಸಿಕೊಳ್ಳುವಂತಿಲ್ಲ. 2011ರಲ್ಲಿ ನಮ್ಮದೇ ವಿಧಾನಸೌಧ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಸೆಕ್ಷನ್ ಸೇರಿಸಿತು. ‘ನಪುಂಸಕ’ರ ಹೆಸರು, ವಾಸಸ್ಥಳಗಳ ರಿಜಿಸ್ಟರನ್ನು ಪೊಲೀಸರು ಇಡಬಹುದು, ಅವರ ಚಟುವಟಿಕೆಗಳನ್ನು ನಿಯಂತ್ರಿಸಬಹುದು ಎಂಬ ಸೆಕ್ಷನ್. 1871ರ ಕಾಯ್ದೆಯನ್ನು ಪಕ್ಕದಲ್ಲಿಟ್ಟು ಓದಿದರೆ ನಕಲು ಯಾವುದು, ಅಸಲು ಯಾವುದು ಎಂದು ತಿಳಿಯುತ್ತದೆ. ಈ ಸಲ ಬರೆದವರು ಯಾವ ಡಾಬ್ಸನೂ ಅಲ್ಲ. ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆಯವರು ಹೈಕೋರ್ಟಿಗೆ ಹೋದ ಮೇಲೆಯೇ ಆ ಪದವನ್ನು ಕಾಯ್ದೆಯಿಂದ ತೆಗೆದದ್ದು. ‘ಹೋರಾಟ ಯಾಕೆ, ಸಮಾಜ ನಿಧಾನಕ್ಕೆ ತಾನೇ ಬದಲಾಗುತ್ತೆ’ ಎನ್ನುವವರು ಈ ಒಂದು ಉದಾಹರಣೆಗೆ ಉತ್ತರ ಹೇಳಲಿ. ತಾನಾಗಿ ಬಿಟ್ಟಾಗ ನಮ್ಮ ಸಮಾಜ 2011ರಿಂದ 1871ಕ್ಕೆ ನಡೆದಿತ್ತು. ಅದರ ಕೈ ಹಿಡಿದು ತಿರುಗಿಸಿದವರು ನಾವು ಗಲಾಟೆ ಎಂದು ಕರೆಯುವ ಆ ಹೋರಾಟಗಾರರು.

ಹಾಗಾದರೆ ನಮ್ಮದು ಎನ್ನುವುದು ಯಾವುದು? ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪಂದಿರು ನಮ್ಮವರು. ಹುಲಿಗೆಮ್ಮನ ಜಾತ್ರೆ ನಮ್ಮದು. ಗಂಡಾಗಿ ಹುಟ್ಟಿದವರೂ ತಮ್ಮನ್ನು ಸತಿಯೆಂದು, ಲಿಂಗವನ್ನು ಪತಿಯೆಂದು ಭಾವಿಸಿ ವಚನ ಬರೆದದ್ದು ನಮ್ಮಲ್ಲಿ. ಪಕ್ಕದ ತುಮಕೂರು ಸೀಮೆಯ ಗುಬ್ಬಿ ಕಂಪನಿಯೂ ಸೇರಿದಂತೆ ನಾಟಕದವರ ನಡುವೆ ಹೆಣ್ಣು ಪಾತ್ರ ಕಟ್ಟುವ ಗಂಡಸರಿದ್ದರು, ಜನ ಅವರನ್ನು ನೋಡಲೆಂದೇ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಇನ್ನು ನಮ್ಮ ಶಿವಗಂಗೆ. ಗಂಗಾಧರೇಶ್ವರನ ಲಿಂಗದ ಮೇಲೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎಂದು ನಂಬುವವರು ನಾವು. ತುಪ್ಪ ತಿರುಗಿ ಬೆಣ್ಣೆಯಾಗುವುದನ್ನು ಕೈಮುಗಿದು ಒಪ್ಪುವ ಊರಿಗೆ, ಮಗ ಎಂದು ಬೆಳೆಸಿದವಳು ತಾನು ಮಗಳು ಎಂದರೆ ಮಾತ್ರ ಪ್ರಕೃತಿ ನಿಯಮ ನೆನಪಾಗುತ್ತದೆ.

ಆದರೆ ಇಲ್ಲೇ ಒಂದು ಹಳ್ಳ ಇದೆ, ನಮ್ಮಂಥ ಓದಿದವರು ಬೀಳುವುದು ಅದರಲ್ಲೇ. ‘ನೋಡಿ, ನಮ್ಮ ಪರಂಪರೆ ಎಷ್ಟು ಉದಾರ’ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಪರಂಪರೆ ಅಷ್ಟು ಉದಾರವಾಗಿದ್ದರೆ ಮಂಜಮ್ಮ ಜೋಗತಿಯವರು ಮನೆ ಬಿಡಬೇಕಾಗುತ್ತಿರಲಿಲ್ಲ. ವಿಷ ಕುಡಿದದ್ದು, ಭಿಕ್ಷೆ ಬೇಡಿದ್ದು, ಇಡ್ಲಿ ಮಾರಿದ್ದು, ಆಮೇಲೆ ಜೋಗತಿ ನೃತ್ಯ ಕಲಿತು ಬದುಕಿದ್ದು, ಇದನ್ನೆಲ್ಲ ಅವರೇ ಹೇಳಿಕೊಂಡಿದ್ದಾರೆ. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ‘ನಡುವೆ ಸುಳಿವ ಹೆಣ್ಣು’ ಓದಿದವರಿಗೆ ಗೊತ್ತು. ದೇವರ ಹೆಸರಿನಲ್ಲಿ ಜಾಗ ಕೊಟ್ಟ ಸಮಾಜವೇ ಮನೆಯೊಳಗೆ ಜಾಗ ಕೊಡಲಿಲ್ಲ. ಗುಡಿಯ ಗೋಡೆಯ ಅರ್ಧನಾರೀಶ್ವರನನ್ನು ಒಪ್ಪುವುದು ಸುಲಭ. ಅವನು ನಮ್ಮ ಮನೆಗೆ ಬಂದು ಬಾಡಿಗೆಗೆ ರೂಮು ಕೇಳುವುದಿಲ್ಲ.

ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಹೋದಾಗ ತಮ್ಮ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು. ಆ ವಿಡಿಯೊವನ್ನು ನೀವು ನೋಡಿದ್ದೀರಿ. ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಅದನ್ನು ಹಾಕಿದವರು ನಮ್ಮಪ್ಪ. ಕೈಮುಗಿದ ಗುರುತಿನ ಜೊತೆ. ನಾನು ಹೃದಯದ ಗುರುತು ಒತ್ತಿದ್ದೆ.

ಸಾಹಿತ್ಯದ, ಸಿನಿಮಾದ ಕಥೆಯೂ ಇದೇ. 2013ರಲ್ಲಿ ‘ಮೋಹನಸ್ವಾಮಿ’ ಬಂತು, ಕನ್ನಡದ ಓದುಗರು ಅದನ್ನು ಕೈಗೆತ್ತಿಕೊಂಡರು. ಎ. ರೇವತಿಯವರ ಬದುಕು ದು. ಸರಸ್ವತಿಯವರ ಕನ್ನಡದಲ್ಲಿ ‘ಬದುಕು ಬಯಲು’ ಆಯಿತು, ರಂಗಕ್ಕೂ ಬಂತು. ಬಿ.ಎಸ್. ಲಿಂಗದೇವರು ‘ನಾನು ಅವನಲ್ಲ ಅವಳು’ ಮಾಡಿದರು, 2015ರಲ್ಲಿ ಸಂಚಾರಿ ವಿಜಯ್‌ಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು, ನಾವು ಎದೆಯುಬ್ಬಿಸಿಕೊಂಡೆವು. ಈ ಕೃತಿಗಳು ದೊಡ್ಡವು, ಅವುಗಳ ಮೇಲೆ ನನ್ನ ಆಕ್ಷೇಪವಿಲ್ಲ. ನನ್ನ ಆಕ್ಷೇಪ ನಮ್ಮ ಚಪ್ಪಾಳೆಯ ಮೇಲೆ. ಚಪ್ಪಾಳೆಗೆ ಅಡ್ವಾನ್ಸ್ ಕೊಡಬೇಕಿಲ್ಲ, ಕರಾರು ಪತ್ರ ಬೇಕಿಲ್ಲ. ಪುಸ್ತಕದಲ್ಲಿ ಅಳಿಸಿದವರು ಗೇಟಿನ ಮುಂದೆ ನಿಂತಾಗ ‘ಆಗೋಯ್ತಮ್ಮ’ ಅನ್ನಬಹುದು, ಆಮೇಲೆ ಒಳಗೆ ಹೋಗಿ ಅದೇ ಪುಸ್ತಕದ ವಿಮರ್ಶೆ ಬರೆಯಬಹುದು. ನಾನು ಮಾಡಿದ್ದು ಅದನ್ನೇ.

‘ಇನ್ನೇನು ಬೇಕಂತೆ ಅವರಿಗೆ? ಎಲ್ಲಾ ಸಿಕ್ಕಿದೆಯಲ್ಲ’ ಎಂಬ ಮಾತೂ ಇದೆ. ಸಿಕ್ಕಿದ್ದನ್ನು ಲೆಕ್ಕ ಹಾಕೋಣ. 2014ರ ಏಪ್ರಿಲ್ 15ರಂದು ನಾಲ್ಸಾ ತೀರ್ಪು, ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕು. 2021ರಲ್ಲಿ ಕರ್ನಾಟಕ ಸರ್ಕಾರದ ನೇಮಕಾತಿಯಲ್ಲಿ ಶೇಕಡ 1ರ ಮೀಸಲಾತಿ, ದೇಶದಲ್ಲೇ ಮೊದಲು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಟ್ರಾನ್ಸ್‌ಜೆಂಡರ್ ಮಹಿಳೆಯರಿಗೂ ಉಚಿತ ಬಸ್ಸು. ಎಲ್ಲವೂ ನಿಜ, ಎಲ್ಲವೂ ಹೋರಾಡಿ ಪಡೆದದ್ದು. ಆದರೆ ಆ ಮೀಸಲಾತಿ ಸರ್ಕಾರಿ ಕೆಲಸಕ್ಕೆ, ಸೋಂಪುರದ ಫ್ಯಾಕ್ಟರಿಗಲ್ಲ. ಬಸ್ಸು ಉಚಿತವೇ ಹೌದು, ಇಳಿದ ಮೇಲೆ ಹೋಗುವುದು ಎಲ್ಲಿಗೆ? ಇನ್ನು ಸಿಗದೇ ಹೋದದ್ದು: 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಸಲಿಂಗ ಜೋಡಿಗಳಿಗೆ ಮದುವೆಯ ಹಕ್ಕನ್ನು ಒಪ್ಪಲಿಲ್ಲ, ಅದು ಸಂಸತ್ತಿನ ಕೆಲಸ ಎಂದಿತು. ಇಪ್ಪತ್ತು ವರ್ಷ ಜೊತೆಗಿದ್ದರೂ ಆಸ್ಪತ್ರೆಯ ಫಾರಂನಲ್ಲಿ ‘ಸಂಬಂಧ’ ಎಂಬ ಜಾಗಕ್ಕೆ ‘ಸ್ನೇಹಿತ’ ಎಂದೇ ಬರೆಯಬೇಕು.

ಮನೆ ಬಾಡಿಗೆಯ ಬಗ್ಗೆಯೂ ಕಾನೂನಿದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ಸಂರಕ್ಷಣೆಯ 2019ರ ಕಾಯ್ದೆಯ 3ನೇ ಸೆಕ್ಷನ್, ವಾಸಿಸುವ, ಕೊಳ್ಳುವ, ಬಾಡಿಗೆಗೆ ಪಡೆಯುವ ಹಕ್ಕಿನಲ್ಲಿ ತಾರತಮ್ಯ ಮಾಡಬಾರದು ಎನ್ನುತ್ತದೆ. ಅಂದರೆ ಆ ಭಾನುವಾರ ಗೇಟಿನ ಬಳಿ ನಾನು ಆಡಿದ ಸುಳ್ಳು ಕೇವಲ ಸಣ್ಣತನವಲ್ಲ, ಕಾನೂನು ಮಾಡಬೇಡ ಎಂದಿದ್ದನ್ನೇ ಮಾಡಿದ್ದು. ಆದರೆ ಯಾರು ಸಾಬೀತು ಮಾಡುತ್ತಾರೆ? ‘ಆಗೋಯ್ತು’ ಎಂಬ ಮಾತಿಗೆ ರಶೀದಿ ಇಲ್ಲ. ಹೀಗಾಗಿ ಕೋರ್ಟು 2018ರಲ್ಲಿ 377ರ ಹಲ್ಲು ಕಿತ್ತರೂ, 2024ರ ಜುಲೈನಲ್ಲಿ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಅದರ ಸುಳಿವೇ ಇಲ್ಲದಿದ್ದರೂ, ಅದು ನಮ್ಮ ಬೀದಿಯಲ್ಲಿ ಜಾರಿಯಲ್ಲಿದೆ. ಈಗ ಅದಕ್ಕೆ ಪೊಲೀಸರು ಬೇಕಿಲ್ಲ. ಮನೆ ಮಾಲೀಕರು ನಾವೇ ಸಾಕು.

ಈ ಖಾಸಗಿ ಕಾನೂನಿನ ಒಳಗುಟ್ಟನ್ನೂ ಗಮನಿಸಿ. ಇಬ್ಬರು ಹುಡುಗರು ಒಂದೇ ರೂಮು ಕೇಳಿದರೆ ದಾಬಸ್‌ಪೇಟೆಯಲ್ಲಿ ಯಾರೂ ಹುಬ್ಬು ಏರಿಸುವುದಿಲ್ಲ. ಬ್ಯಾಚುಲರ್ಸ್, ಅಷ್ಟೆ. ಅವರಿಬ್ಬರ ನಡುವೆ ಏನಿದೆ ಎಂದು ಅವರು ಬಾಯಿ ಬಿಡದಿದ್ದರೆ ಹತ್ತು ವರ್ಷ ಇರಬಹುದು. ಬಾಯಿ ಬಿಟ್ಟ ದಿನ ಖಾಲಿ ಮಾಡಬೇಕು. ಆ ಹೆಣ್ಣುಮಗಳಿಗೆ ಮುಚ್ಚಿಟ್ಟುಕೊಳ್ಳುವ ಅನುಕೂಲವೂ ಇಲ್ಲ, ಅವಳ ದನಿಯೇ ಹೇಳಿಬಿಡುತ್ತದೆ. ಇಬ್ಬರಿಗೂ ಒಂದೇ ನಿಯಮ: ಇರು, ಆದರೆ ಇದ್ದೀಯ ಎಂದು ಗೊತ್ತಾಗಬಾರದು. ಬೆಂಗಳೂರಿನಲ್ಲಿ 2008ರಲ್ಲಿ ಪ್ರೈಡ್ ಮೆರವಣಿಗೆ ಶುರುವಾದಾಗ ಕೆಲವರು ಮುಖವಾಡ ಹಾಕಿಕೊಂಡು ನಡೆದಿದ್ದರು. ‘ನಾಚಿಕೆ ಇದ್ದರೆ ಬೀದಿಗೆ ಯಾಕೆ ಬರಬೇಕು’ ಎಂದು ನಕ್ಕವರಿದ್ದರು. ಅದು ನಾಚಿಕೆಯ ಮುಖವಾಡವಲ್ಲ. ಸಂಜೆ ಮರಳಿ ಹೋಗಬೇಕಾದ ಬಾಡಿಗೆ ರೂಮಿನ ಬೀಗದ ಕೈ ಅದು.

ಕೊನೆಯ ಆಕ್ಷೇಪ, ಅತಿ ಸಾಮಾನ್ಯವಾದದ್ದು: ‘ಅವರು ಟೋಲಿನ ಹತ್ತಿರ, ಸಿಗ್ನಲ್ಲಿನಲ್ಲಿ ದುಡ್ಡು ಕೀಳುತ್ತಾರೆ, ದುಡಿದು ತಿನ್ನಬಾರದಾ?’ 2017ರಲ್ಲಿ ಕೊಚ್ಚಿ ಮೆಟ್ರೊ ಇಪ್ಪತ್ತಕ್ಕೂ ಹೆಚ್ಚು ಟ್ರಾನ್ಸ್‌ಜೆಂಡರ್‌ಗಳನ್ನು ಕೆಲಸಕ್ಕೆ ತೆಗೆದುಕೊಂಡಿತು. ದೇಶವೇ ಮೆಚ್ಚಿತು. ಕೆಲವೇ ವಾರಗಳಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ಟರು. ಕಾರಣ ಸೋಮಾರಿತನವಲ್ಲ, ಯಾರೂ ಬಾಡಿಗೆಗೆ ಮನೆ ಕೊಡದೆ, ಸಂಬಳವೆಲ್ಲ ಲಾಡ್ಜಿಗೇ ಹೋಗುತ್ತಿತ್ತು. ಕೆಲಸ ಕೊಟ್ಟವರು ಒಬ್ಬರು, ಕಿತ್ತುಕೊಂಡವರು ಊರಿನ ಮನೆ ಮಾಲೀಕರು. ನಮ್ಮ ಗೇಟಿಗೆ ಬಂದವಳೂ ಕೊರಳಲ್ಲಿ ಐಡಿ ಕಾರ್ಡು ಹಾಕಿಕೊಂಡೇ ಬಂದಿದ್ದಳು. ದುಡಿದು ತಿನ್ನುತ್ತೇನೆ ಎಂಬುದಕ್ಕೆ ಅದಕ್ಕಿಂತ ಬೇರೆ ಪುರಾವೆ ಏನಿತ್ತು? ನಾಳೆ ಅವಳು ಅದನ್ನು ಕಳಚಿಟ್ಟು ಹೈವೇಯಲ್ಲಿ ಕೈಚಾಚಿದರೆ, ಕಾರಿನ ಗಾಜು ಏರಿಸುತ್ತ ಅವಳಿಗೆ ದುಡಿಮೆಯ ಪಾಠ ಹೇಳುವವನೂ ನಾನೇ.

ಅಂದು ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಅಪ್ಪ ಬಯ್ಯುತ್ತಾರೆ, ‘ಒಳ್ಳೇದು ಮಾಡಿದೆ’ ಅನ್ನುತ್ತಾರೆ ಎಂದುಕೊಂಡಿದ್ದೆ. ಅವರು ಮುದ್ದೆ ಮುರಿಯುತ್ತ, ‘ನನ್ನ ಯಾಕೆ ಎಬ್ಬಿಸಲಿಲ್ಲ?’ ಎಂದು ಕೇಳಿದರು.

‘ಎಬ್ಬಿಸಿದ್ರೆ ಕೊಡ್ತಿದ್ರಾ?’

ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಮ್ಮ ಸಾರು ಬಡಿಸುತ್ತ, ‘ಎರಡು ಮಾತು ಕೇಳಬೇಕಾಗಿತ್ತು ಮಗ. ತಿಂಗಳು ತಿಂಗಳು ಬಾಡ್ಗೆ ಕೊಡ್ತೀಯಾ? ನೀರು ನೋಡ್ಕೊಂಡು ಖರ್ಚು ಮಾಡ್ತೀಯಾ? ಇನ್ನೇನು ನಮಗೆ?’ ಅಂದರು.

ನನ್ನ ಇಡೀ ಎಂ.ಎ. ಆ ಎರಡು ಪ್ರಶ್ನೆಯವರೆಗೆ ಬಂದಿರಲಿಲ್ಲ. ಅಪ್ಪ ಒಪ್ಪುವುದಿಲ್ಲ, ಊರು ಒಪ್ಪುವುದಿಲ್ಲ ಎಂದು ನಾನು ಅವರ ಹೆಸರಿನಲ್ಲಿ ಹಿಂದೆ ಸರಿದಿದ್ದೆ. ಕೇಳಿದ್ದರೆ ಅಪ್ಪ ಬೇಡ ಎಂದೇ ಹೇಳುತ್ತಿದ್ದರೇನೋ. ಆಗ ಜಗಳ ಆಡಬಹುದಾಗಿತ್ತು. ಜಗಳವೇ ಆಗದಂತೆ ನೋಡಿಕೊಂಡವನು ನಾನು. ‘ನಮ್ಮ ಜನ ಇನ್ನೂ ತಯಾರಿಲ್ಲ’ ಎಂದು ಓದಿದವರು ಹೇಳುವಾಗಲೆಲ್ಲ ನನಗೀಗ ಅನುಮಾನ ಬರುತ್ತದೆ, ತಯಾರಿಲ್ಲದವರು ಯಾರು ಎಂದು.

ಈ ಪತ್ರಿಕೆ ಓದುವ ನಿಮ್ಮಲ್ಲಿ ಹಲವರು ವಿದ್ಯಾರ್ಥಿಗಳು. ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆ, ದೇವನಹಳ್ಳಿಯ ಕಡೆಯವರಾದರೆ ನಿಮ್ಮ ಮನೆಯಲ್ಲೂ ನಾಲ್ಕು ರೂಮು ಬಾಡಿಗೆಗೆ ಇರುವ ಸಾಧ್ಯತೆ ಹೆಚ್ಚು. ಈ ವಾರ ಊರಿಗೆ ಹೋದಾಗ ಊಟದ ಹೊತ್ತಿಗೆ ಒಂದು ಮಾತು ಎತ್ತಿ: ಇಂಥವರು ಬಂದು ಕೇಳಿದರೆ ಕೊಡುತ್ತೇವಾ? ಬೇಡ ಎಂದರೆ ಜಗಳ ಆಡಿ. ಪಿಜಿಯಲ್ಲಿರುವವರು ನಿಮ್ಮ ಪಿಜಿಯ ಆಂಟಿಯನ್ನು ಕೇಳಿ. ಆಮೇಲೆ ಬೇಕಾದರೆ ‘ಮೋಹನಸ್ವಾಮಿ’ಯ ಮೇಲೆ ಪ್ರಬಂಧ ಬರೆಯಿರಿ, ನಾನೂ ಬರೆಯುತ್ತೇನೆ.

ನಮ್ಮ ಮನೆಯಲ್ಲಿ ಈಗ ಅಮ್ಮನ ಎರಡು ಪ್ರಶ್ನೆಗಳೇ ನಿಯಮ. ಅಪ್ಪ ಅದನ್ನು ಒಪ್ಪಿದ್ದಾರೆ ಎಂದು ಹೇಳಲಾರೆ, ಎದುರು ಮಾತಾಡಿಲ್ಲ, ಅಷ್ಟೆ. ಆ ನಿಯಮವನ್ನು ಪರೀಕ್ಷಿಸುವ ಸಂದರ್ಭ ಇನ್ನೂ ಬಂದಿಲ್ಲ. ಆ ಹೆಣ್ಣುಮಗಳು ಮತ್ತೆ ನಮ್ಮ ಬೀದಿಯಲ್ಲಿ ಕಾಣಿಸಲಿಲ್ಲ. ಯಾವ ಮನೆ ಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂಬ ಸುದ್ದಿ ಅವರವರಲ್ಲೇ ಹಬ್ಬಿರುತ್ತದೆ, ನಮ್ಮ ಮನೆ ಯಾವ ಪಟ್ಟಿಯಲ್ಲಿದೆ ಎಂಬುದನ್ನು ನಾನು ಊಹಿಸಬಲ್ಲೆ. ಈ ತಿಂಗಳು ನಾಲ್ಕನೇ ರೂಮು ಖಾಲಿಯಾಗಿದೆ. ಬೋರ್ಡು ಗೇಟಿಗೆ ಕಟ್ಟಿದ್ದೇನೆ.